ಎಂಟು ದಿನದ ನೀಲ

ಕಾಶಪ್ಪ ಸಾಹುಕಾರರಿಗೆ ಬರಬಹುದಾಗಿದ್ದ ಕೇಡನ್ನು ಮೊದಲು ಬಾಳಮ್ಮನ ಮೈಮೇಲೆ ಬಿಟ್ಟು ನೋಡುವುದೆಂದು ತೀರ್ಮಾನವಾಯಿತು. ತೀರ್ಮಾನವಾದದ್ದು ಇಳಕಲ್ಲಿನ ಸಾಹುಕಾರರ ಪಡಸಾಲೆಯಲ್ಲಿ. ಆ ಹೊತ್ತಿಗೆ ಬಾಳಮ್ಮ ಊರಾಚೆಯ ಕಲ್ಲುಗಣಿಯಲ್ಲಿ ಕೊಡ ಹೊತ್ತು ಬಂಡೆಗೆ ನೀರು ಹೊಯ್ಯುತ್ತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಅಲ್ಲಿರಲಿಲ್ಲ.

ಅದು ಎಂಬತ್ತೆರಡನೆಯ ಇಸವಿಯ ಬೇಸಿಗೆ. ಸಾಹುಕಾರರಿಗೆ ಶನಿ ಹಿಡಿದು ಎರಡು ವರ್ಷವಾಗಿತ್ತು. ಅವರ ಗಣಿಯ ಕೆಂಪು ಕಲ್ಲು ಲಾರಿ ಹತ್ತಿ ಮದ್ರಾಸಿನ ಬಂದರಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿತ್ತು. ಬಿರುಕಿದೆಯೆಂದು ಎರಡು ಸಲ ಬಂದರಿನಿಂದ ಕಲ್ಲು ವಾಪಸು ಬಂತು. ಮಗನಿಗೆ ಗೊತ್ತಾಗಿದ್ದ ಲಗ್ನ ಮುರಿಯಿತು. ಬಾಗಲಕೋಟೆಯ ಜೋಯಿಸರು ಜಾತಕ ಹರವಿ ನೋಡಿ, ನೀಲದ ಹರಳು ಧರಿಸಿದರೆ ಮಾತ್ರ ಉಳಿಗಾಲ ಎಂದರು. ಅದೂ ಪೇಟೆಯಲ್ಲಿ ಸಿಗುವ ನೀಲವಲ್ಲ. ಕಾಶ್ಮೀರದ ಹಿಮದ ಬೆಟ್ಟದಲ್ಲಿ ಒಂದು ಕಾಲಕ್ಕೆ ಸಿಕ್ಕು, ಆಮೇಲೆ ಅಗೆದೂ ಅಗೆದೂ ಮುಗಿದೇ ಹೋದ ಜಾತಿಯದು. ಹೊಸದು ಹುಟ್ಟುವುದಿಲ್ಲ; ಇದ್ದವರು ಕೊಟ್ಟರೆ ಉಂಟು. ಹೈದರಾಬಾದಿನ ಹಳೆಯ ನವಾಬರ ಮನೆತನವೊಂದು ತಿಜೋರಿ ಬರಿದು ಮಾಡುತ್ತಿದೆಯೆಂದು ಕೇಳಿ ಸಾಹುಕಾರರು ಮೂರು ಸಲ ಓಡಾಡಿ ಹರಳು ತಂದರು. ಹುಣಸೆ ಬೀಜಕ್ಕಿಂತ ಸಣ್ಣದು, ತೊಗರಿ ಕಾಳಿಗಿಂತ ದೊಡ್ಡದು.

ತಂದ ಮೇಲೆ ಹೆದರಿಕೆ ಶುರುವಾಯಿತು. ಮುತ್ತು ಹವಳಗಳು ಮೈಮೇಲೆ ಸುಮ್ಮನಿರುತ್ತವೆ. ನೀಲ ಸುಮ್ಮನಿರುವ ಕಲ್ಲಲ್ಲ ಎಂದು ಜೋಯಿಸರೇ ಹೇಳಿದ್ದರು. ಒಗ್ಗಿದರೆ ಮೇಲೆತ್ತುತ್ತದೆ. ಒಗ್ಗದಿದ್ದರೆ ಎಂಟೇ ದಿನದಲ್ಲಿ ಮನೆ ಮುಳುಗಿಸುತ್ತದೆ. ಅದಕ್ಕೇ ಉಂಗುರ ಮಾಡಿಸುವ ಮೊದಲು ಎಂಟು ದಿನ ನೀಲಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡು ಪರೀಕ್ಷೆ ಮಾಡಬೇಕು. ಪರೀಕ್ಷೆ ಧರಿಸುವವನೇ ಮಾಡಬೇಕಾದದ್ದು. ಆದರೆ ಸಾಹುಕಾರರ ತಾಯಿ ಗುರುಸಿದ್ದವ್ವ ಒಪ್ಪಲಿಲ್ಲ.

“ಎಂಟು ದಿನದಾಗ ನಿನಗ ಏನಾರ ಆದ್ರ ಏನ್ ಮಾಡೂದೋ ಮಗನ? ಮದಲ ಮತ್ತೊಬ್ಬರ ಮೈಮ್ಯಾಲೆ ನೋಡು. ನಮ್ಮ ಅನ್ನಾ ತಿನ್ನೋರ ಮೈ ಅಂದ್ರ ನಮ್ಮ ಮೈ ಇದ್ದಂಗ.”

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಆ ಹಿರಿಯಳಿಗೆ ಮಾದರ ಹೆಂಗಸಿನ ಮೈ ತಮ್ಮ ಮೈ ಎಂಬ ಸಮಾನತೆ ಅವತ್ತು ಹೊಳೆಯಿತು. ಕೇಡು ಹಂಚಿಕೊಳ್ಳುವ ಮಟ್ಟಿಗೆ ಮಾತ್ರ.

ಸಾಹುಕಾರರು ಹುಟ್ಟಿದ್ದು ಶನಿವಾರ. ಪರೀಕ್ಷೆಗೆ ಶನಿವಾರ ಹುಟ್ಟಿದ ಮೈಯೇ ಬೇಕೆಂದಾಯಿತು. ಗಣಿಯ ಆಳುಗಳ ಮೇಲಿನ ಮುಕಾದಮ ಈರಪ್ಪನಿಗೆ ಬಾಳಮ್ಮ ನೆನಪಾದಳು. ಅವಳಿಗೆ ತನ್ನ ವಯಸ್ಸು ಗೊತ್ತಿರಲಿಲ್ಲ. ಹುಟ್ಟಿದ ವಾರ ಮಾತ್ರ ಗೊತ್ತಿತ್ತು. ಸಿಟ್ಟು ಬಂದಾಗಲೆಲ್ಲ ಅವಳ ತಾಯಿ ಅದನ್ನೇ ಹಿಡಿದು ಬೈಯುತ್ತಿದ್ದಳು.

ಸಾಹುಕಾರರ ಹಿತ್ತಲಲ್ಲಿ ಗೊಬ್ಬರದ ಗುಂಡಿಯ ಪಕ್ಕ ಅವಳನ್ನು ನಿಲ್ಲಿಸಿದರು. ಜೊತೆಗೆ ಗಂಡ ಯಮನಪ್ಪ. ಗುರುಸಿದ್ದವ್ವ ಕಟ್ಟೆಯ ಮೇಲೆ ನಿಂತು, “ಸೆರಗ ಒಡ್ಡಬೇ” ಎಂದಳು. ಬಾಳಮ್ಮ ಒಡ್ಡಿದಳು. ರೊಟ್ಟಿ ಬೀಳುತ್ತದೆ ಎಂದುಕೊಂಡಿದ್ದಳು. ವೀಳ್ಯದೆಲೆಯಿಂದ ಜಾರಿ ಒಂದು ಹರಳು ಬಿತ್ತು.

ಅವಳು ಬಗ್ಗಿ ನೋಡಿದಳು. ನೋಡಿ ಹಾಗೇ ನಿಂತಳು. ಇಪ್ಪತ್ತು ವರ್ಷ ಕಲ್ಲಿನ ಜೊತೆ ಬದುಕಿದವಳು ಅವಳು. ಕೆಂಪು ಕಲ್ಲು, ಕರಿ ಕಲ್ಲು, ಮಿಂಚುವ ಕಲ್ಲು, ಎಲ್ಲ ಹೊತ್ತಿದ್ದಳು. ಯಾವ ಕಲ್ಲೂ ಒಳಗೆ ಕರೆದಿರಲಿಲ್ಲ. ಇದು ಕರೆಯಿತು. ಬೆಳಗಿನ ಹೊತ್ತು ಅಗಸಿ ಹೊಲ ಹೂಬಿಟ್ಟಾಗಿನ ನೀಲಿ. ಅದರೊಳಗೆ ಒಂದಿಷ್ಟು ಹಾಲು ಕಲೆಸಿದಂತೆ ಮೆತ್ತಗಿತ್ತು.

“ಎಂಟು ದಿನ ತೋಳಿಗೆ ಕಟ್ಟಿಕೋ. ಬಿಚ್ಚಬ್ಯಾಡ. ನಿನಗ ಛಲೋದಾಕ್ಕೈತಿ” ಎಂದರು ಸಾಹುಕಾರರು.

“ನನಗ ಯಾಕ್ರಿ ಯಪ್ಪಾ ಇದು?”

“ಹೇಳಿದಷ್ಟು ಮಾಡು” ಎಂದ ಈರಪ್ಪ. ಅವಳ ತೋಳು ಮುಟ್ಟುವವರು ಅಲ್ಲಿ ಯಾರೂ ಇರಲಿಲ್ಲ. ನೀಲಿ ಬಟ್ಟೆಯನ್ನು ಯಮನಪ್ಪನೇ ಕಟ್ಟಿದ.

ಗಣಿಯಲ್ಲಿ ಬಾಳಮ್ಮನಿಗೆ ಎರಡು ಕೆಲಸ. ಬಂಡೆ ಸೀಳುವ ಮೊದಲು ಅದರ ಮೇಲೆ ನೀರು ಹೊಯ್ದು ಬಿಸಿಲಿಗೆ ಬಿಟ್ಟು ಕಾಯಬೇಕು. ಬಂಡೆಯೆಲ್ಲ ಒಣಗಿದ ಮೇಲೂ ಎಲ್ಲಿ ಒಂದು ಗೆರೆ ಹಸಿಯಾಗಿ ಉಳಿಯುತ್ತದೋ ಅಲ್ಲಿ ಒಳಬಿರುಕು. ಅವಳ ಕಣ್ಣಿಗೆ ಕೂದಲೆಳೆಯಷ್ಟು ಹಸಿಯೂ ಬೀಳುತ್ತಿತ್ತು. ವಾಪಸು ಬಂದ ಎರಡೂ ಕಲ್ಲುಗಳಲ್ಲಿ ಬಿರುಕಿದೆಯೆಂದು ಅವಳು ಮೊದಲೇ ಹೇಳಿದ್ದಳು. ಲಾರಿ ತುಂಬುವ ಅವಸರದಲ್ಲಿ ಅವಳ ಮಾತು ಯಾರಿಗೆ ಬೇಕಿತ್ತು? ಸಾಹುಕಾರರನ್ನು ಹಿಡಿದ ಶನಿ ಅಷ್ಟೇ. ಅದನ್ನು ಬಿಡಿಸಲು ಕಾಶ್ಮೀರದ ಹರಳು ತರಬೇಕಿರಲಿಲ್ಲ.

ಎರಡನೆಯ ಕೆಲಸ ಕ್ರೇನಿನ ಬುಡದಲ್ಲಿ. ಮೂರು ಕಬ್ಬಿಣದ ಕಂಬ, ನೆತ್ತಿಯಲ್ಲಿ ರಾಟೆ, ರಾಟೆಯಿಂದ ಇಳಿದ ಸರಪಳಿ. ನಾಲ್ಕು ಗಂಡಸರು ಹಿಡಿಕೆ ತಿರುವಿದರೆ ಬಂಡೆ ಗೇಣು ಗೇಣಾಗಿ ಏಳುತ್ತದೆ. ಎದ್ದ ಬಂಡೆಯ ಅಡಿಗೆ ಹೆಂಗಸರು ಬಗ್ಗಿ ಮರದ ದಿಮ್ಮಿ ನೂಕಬೇಕು. ಒಂದು ಕಡೆ ಬಾಳಮ್ಮ, ಇನ್ನೊಂದು ಕಡೆ ಅವಳ ಜೊತೆಗಾತಿ ಸಕ್ರವ್ವ. ಸಕ್ರವ್ವನ ಗಂಡ ಅಮಾತೆಪ್ಪನೂ ಯಮನಪ್ಪನೂ ಹಿಡಿಕೆಯಲ್ಲಿ. ಗಂಡಂದಿರು ಎತ್ತಿದ ಕಲ್ಲಿನ ಕೆಳಗೆ ಹೆಂಡಿರು.

ಹರಳು ಕಟ್ಟಿಕೊಂಡ ಎರಡನೆಯ ದಿನ ಕೊಡದ ನೀರು ಸರಪಳಿಯ ಮೇಲೆ ಚೆಲ್ಲಿತು. ಒಣಗಿದಾಗ ಒಂದು ಕೊಂಡಿಯಲ್ಲಿ ಹಸಿ ಗೆರೆ ಉಳಿದಿತ್ತು. ಬಾಳಮ್ಮ ಈರಪ್ಪನನ್ನು ಕರೆದು ತೋರಿಸಿದಳು.

“ಮುಕಾದಮ್ರ, ಈ ಕೊಂಡಿ ಸೀಳೇತ್ರಿ.”

“ನೀ ಕಲ್ಲ ನೋಡು. ಕಬ್ಬಿಣ ನೋಡಬ್ಯಾಡ.”

“ಕೆಳಗ ನಿಂದ್ರೂದು ನಾವಲ್ಲೇನ್ರಿ?”

“ಹಂಗಾದ್ರ ನಿಂದ್ರಬ್ಯಾಡ. ನಿಂದ್ರೋರು ಕೆರೂರ ಸಂತಿಯಾಗ ಮಸ್ತ್ ಸಿಗ್ತಾರ.”

ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಹರಳು ಕಟ್ಟಿದ ದಿನದಿಂದಲೇ ದಿನಾ ಸಂಜೆ ಈರಪ್ಪ ತಾನಾಗಿ ಹುಡುಕಿಕೊಂಡು ಬರುತ್ತಿದ್ದ. ಸರಪಳಿಗಾಗಿ ಅಲ್ಲ.

“ಇವತ್ತ ಏನಾರ ಕೆಟ್ಟದ್ದಾತೇನ?”

“ಏನ್ರಿ ಹಂಗಂದ್ರ?”

“ಜ್ವರಾ ಬಂತೇನ? ಬಿದ್ದಿಯೇನ? ಮನ್ಯಾಗ ಜಗಳ?”

ಬಾಳಮ್ಮ ಮೊದಲ ದಿನ ನಕ್ಕಳು. ಎರಡನೆಯ ದಿನ ನೆನಪಿಸಿಕೊಂಡು ಹೇಳಿದಳು. ಮಧ್ಯಾಹ್ನ ಕುಡಿಯಲು ನೀರು ಸಿಗಲಿಲ್ಲ. ಬಾವಿಯ ಮಾಲೀಕ ಕೊಡ ಒದ್ದ. ಈರಪ್ಪ ತಲೆಯಾಡಿಸಿದ. “ಅದು ದಿನದ್ದು. ಅದನ್ನ ಹಿಡ್ಯಾಂಗಿಲ್ಲ.” ಮೂರನೆಯ ದಿನ ಸಿಡಿದ ಕಲ್ಲಿನ ಚೂರು ಹುಬ್ಬಿಗೆ ಬಡಿದಿತ್ತು. “ಅದೂ ದಿನದ್ದ.” ನಾಲ್ಕನೆಯ ದಿನ ದಿಮ್ಮಿಯ ಸಂದಿಗೆ ಸಿಕ್ಕು ಎಡಗೈ ಹೆಬ್ಬೆರಳಿನ ಉಗುರು ಕಿತ್ತು ಬಂತು. ಚಿಂದಿ ಸುತ್ತಿದ ಬೆರಳನ್ನು ಅವಳು ಮುಂದೆ ಹಿಡಿದಳು. ಈರಪ್ಪ ಬೆರಳನ್ನು ಬಗ್ಗಿ ನೋಡಿದ. ಅವನಿಗೂ ಪೇಚಿಗಿಟ್ಟುಕೊಂಡಿತ್ತು. ಶನಿ ಮಾಡಿದ್ದು ಯಾವುದು, ಗಣಿ ಮಾಡಿದ್ದು ಯಾವುದು ಎಂದು ಇವಳ ಮೈಯಲ್ಲಿ ಬೇರೆ ಮಾಡುವುದು ಹೇಗೆ?

“ಹೋದ ವರ್ಷಾನೂ ಒಂದ ಉಗುರು ಹೋಗಿತ್ತಲ್ಲ?”

“ಹೌದ್ರಿ. ಬಲಗೈದು.”

“ಹಂಗಾರ ಇದೂ ದಿನದ್ದ.” ಹೀಗೆಂದು ಅವನು ಸಾಹುಕಾರರಿಗೆ ಸುದ್ದಿ ಮುಟ್ಟಿಸಿದ: ನಾಲ್ಕು ದಿನದಲ್ಲಿ ಏನೂ ಕೆಟ್ಟದ್ದಾಗಿಲ್ಲ.

ಐದನೆಯ ದಿನ ಬಾಳಮ್ಮ ದಾರಿಗಡ್ಡ ನಿಂತಳು. “ಖರೆ ಹೇಳ್ರಿ ಮುಕಾದಮ್ರ. ಇದು ಯಾಕ ಕಟ್ಟೀರಿ ನನಗ?”

ಈರಪ್ಪ ಹೇಳಿದ. ಮುಚ್ಚಿಡಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಮೇಕೆಗೆ ಹುಲ್ಲು ಹಾಕಿದ್ದು ಯಾಕೆಂದು ಹೇಳಿದಷ್ಟು ಸಲೀಸಾಗಿ ಹೇಳಿದ. “ಸಾಹುಕಾರ್ರಿಗೆ ಆಗಿ ಬರತೈತೋ ಇಲ್ಲೋ ನೋಡಬೇಕಲ್ಲ. ನಿನಗೇನ ಆಗಿಲ್ಲ ಬಿಡು, ಇನ್ನ ಮೂರ ದಿನ.”

ಅವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ತೋಳು ತೋಳಿನಂತಿರಲಿಲ್ಲ. ಕಿತ್ತು ಒಗೆಯಬೇಕೆನ್ನಿಸುತ್ತಿತ್ತು. ಒಗೆದರೆ ಕಳ್ಳಿಯಾಗುತ್ತಾಳೆ, ಗಂಡ ಜೇಲಿಗೆ ಹೋಗುತ್ತಾನೆ. ಇನ್ನೊಂದು ಸಂಕಟವೂ ಇತ್ತು. ಅದನ್ನು ಸಕ್ರವ್ವನಿಗೆ ಹೊರತು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ರೊಟ್ಟಿಯ ಹೊತ್ತಿಗೆ ಕಲ್ಲಿನ ರಾಶಿಯ ಮರೆಗೆ ಹೋಗಿ ಅವಳು ಗಂಟು ಬಿಚ್ಚಿ ನೋಡುತ್ತಿದ್ದಳು. ನೋಡಬಾರದೆಂದುಕೊಂಡೇ ನೋಡುತ್ತಿದ್ದಳು. ಬಿಸಿಲಿಗೆ ಹಿಡಿದರೆ ಉಗುರು ಕಿತ್ತುಹೋದ ಬೆರಳ ಮೇಲೂ ಅದು ನೀಲಿ ಚೆಲ್ಲುತ್ತಿತ್ತು. ಇಷ್ಟು ಚೆಂದದ್ದು ಲೋಕದಲ್ಲಿದೆ, ಅದು ನನ್ನ ಕೈಗೆ ಬಂದದ್ದು ನಾನು ಸಾಯುತ್ತೇನೋ ಇಲ್ಲವೋ ನೋಡಲಿಕ್ಕೆ. ಅವಳ ಕಣ್ಣಲ್ಲಿ ನೀರು ಬಂತು. ತನ್ನ ಮೇಲೇ ಸಿಟ್ಟೂ ಬಂತು.

ಒಂದು ದಿನ ಸಕ್ರವ್ವನೂ ಬಂದು ನೋಡಿದಳು. “ಯವ್ವಾ! ಎಷ್ಟ ತಂಪ ಐತೆ ಕಣ್ಣಿಗೆ” ಎಂದಳು. ಬೆರಳಿಂದ ಮುಟ್ಟಿ ನಕ್ಕಳು. “ನನ್ನ ಸೀರಿ ಅಂಚಿಗೆ ಹೊಂದತೈತಿ ನೋಡು. ಸಾಹುಕಾರ್ತಿಗೆ ಹೇಳು, ಸಕ್ರವ್ವಗೂ ಒಂದ್ ಬೇಕಂತ.”

ಏಳನೆಯ ದಿನ ಬೆಳಿಗ್ಗೆ ಬಂಡೆ ಎದ್ದಿತ್ತು. ಬಾಳಮ್ಮ ಇಳಿಜಾರಿನ ಕಡೆ ದಿಮ್ಮಿ ಹಿಡಿದು ಬಗ್ಗಿದ್ದಳು. ಈರಪ್ಪ ದೂರದಿಂದ ಕೂಗಿದ.

“ಏ ಬಾಳಿ, ಬಾ ಇಲ್ಲೆ!”

“ದಿಮ್ಮಿ ಹಿಡದೇನ್ರಿ!”

“ಬಾ ಅಂದ್ರ ಬರಬೇಕು! ಸಾಹುಕಾರ್ರಿಗೆ ಈಗ ಸುದ್ದಿ ಕಳಸಬೇಕು!”

“ನೀ ಹೋಗಿ ಬಾರಬೇ, ನಾ ಹಿಡೀತೇನಿ” ಎಂದು ಸಕ್ರವ್ವ ತನ್ನ ಕಡೆ ಬಿಟ್ಟು ಈ ಕಡೆ ಬಂದು ಬಗ್ಗಿದಳು. ಬಾಳಮ್ಮ ಹತ್ತು ಹೆಜ್ಜೆ ಹೋದಳು. ಈರಪ್ಪ ಕೇಳಿದ್ದು ಇಷ್ಟು: “ಕೆಟ್ಟ ಕನಸ ಏನಾರ ಬಿತ್ತೇನ?”

ಬೆನ್ನ ಹಿಂದೆ ಕಬ್ಬಿಣ ಹರಿದ ಸದ್ದಾಯಿತು. ನೆಲ ನಡುಗಿತು. ಬಾಳಮ್ಮ ತಿರುಗಿದಾಗ ಬಂಡೆ ಇಳಿಜಾರಿನ ಕಡೆಗೆ ವಾಲಿ ನೆಲದ ಮೇಲಿತ್ತು. ಅದರಡಿಯಿಂದ ಸಕ್ರವ್ವನ ಎರಡು ಪಾದ ಮಾತ್ರ ಹೊರಗಿದ್ದವು. ಅಮಾತೆಪ್ಪ ಹಿಡಿಕೆ ಬಿಟ್ಟು ಬಂದು ಬರಿಗೈಯಿಂದ ಬಂಡೆ ಎತ್ತಲು ನೋಡಿದ. ಹತ್ತು ಟನ್ನಿನ ಬಂಡೆಯನ್ನು ಒಬ್ಬ ಮನುಷ್ಯ ಬರಿಗೈಯಲ್ಲಿ ತಳ್ಳುವುದನ್ನು ಯಾರೂ ತಡೆಯಲಿಲ್ಲ. ಹೆಣ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಸೀರೆಯ ಅಂಚು ನೀಲಿಯದೆಂದು ಗೊತ್ತಾಗುತ್ತಿರಲಿಲ್ಲ.

ಎಂಟನೆಯ ದಿನ ಮಣ್ಣು ಮಾಡಿ ಬಂದರು. ಕೈಕಾಲು ತೊಳೆಯುವಷ್ಟರಲ್ಲಿ ಈರಪ್ಪ ಕೇರಿಯ ಬಾಯಿಗೆ ಬಂದು ನಿಂತ. ಕೈಯಲ್ಲಿ ಒಂದು ಕಾಗದ, ಮಸಿಯ ಡಬ್ಬಿ.

“ಬಾಳಿ, ಹೆಬ್ಬಟ್ಟ ಒತ್ತು.”

“ಏನ ಬರದೈತ್ರಿ?”

“ಸರಪಳಿ ಗಟ್ಟಿ ಇತ್ತು. ಸಕ್ರವ್ವ ಯಾರಿಗೂ ಹೇಳದ ಕೇಳದ ತನ್ನ ಜಾಗಾ ಬಿಟ್ಟ ಅಲ್ಲಿ ಹೋಗಿದ್ಳು. ತಪ್ಪು ಆಕಿದು. ಅಷ್ಟ.” ದನಿ ತಗ್ಗಿಸಿದ. “ಸಾಹುಕಾರ್ರು ಭಾಳ ಖುಷಿ ಆಗ್ಯಾರ. ಹರಳು ನಿನ್ನ ಎಳಕೊಂಡ ಬಂದ ಉಳಿಸ್ತು ಅಂತ. ಹಿಂತಾ ಹರಳು ಸಾವಿರಕ್ಕೊಂದು ಅಂತ ಜೋಯಿಸರೂ ಅಂದ್ರಂತ. ನಾಳಿ ಮುಂಜಾನಿ ಮುಹೂರ್ತ ಐತಿ. ಖಣಿಗೇ ಬಂದ ತಗೋತಾರ.”

ಬಾಳಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. ನಿನ್ನೆ ಸತ್ತವಳ ರಕ್ತ ಇನ್ನೂ ಬಂಡೆಯ ಮೇಲಿದೆ. ಆ ಮನೆಯಲ್ಲಿ ಅದನ್ನು ಶುಭಸಮಾಚಾರ ಎಂದು ಹಂಚಿಕೊಂಡಿದ್ದಾರೆ. ಸಕ್ರವ್ವ ಸತ್ತದ್ದು ಅವರ ಕಣ್ಣಿಗೆ ಬೀಳಲೇ ಇಲ್ಲ. ಅದೂ ದಿನದ್ದೇ.

“ನಾಳಿ ಒತ್ತೇನಿ. ಈಗ ಬೆರಳ ನೋಯಾಕತ್ತೈತಿ” ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಯಮನಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ.

“ನಾಳಿ ಅದ ಸರಪಳೀನ?” ಎಂದು ಕೇಳಿದಳು.

“ಅದ. ಮುರದ ಕೊಂಡಿಗೆ ಬೋಲ್ಟ್ ಹಾಕಿ ತಂತಿ ಸುತ್ತ್ಯಾರ. ಹೊಸಾದು ತರಾಕ ಹೊಸಪ್ಯಾಟಿಗೆ ಹೋಗಬೇಕಂತ. ಲಾರಿ ಕಾಯೂದಿಲ್ಲಂತ.” ಅವನು ತಿರುಗಲಿಲ್ಲ. “ನೀ ನಾಳಿ ಬರಬ್ಯಾಡ.”

“ನಾ ಬರದಿದ್ರ ಮತ್ತೊಬ್ಬಾಕಿ ಬಗ್ಗತಾಳ.”

ಒಂಬತ್ತನೆಯ ದಿನ ಬೆಳಿಗ್ಗೆ ಈರಪ್ಪ ಗಂಡಸರಿಂದ ಬಂಡೆ ಎತ್ತಿಸಿದ. ಸೊಂಟದೆತ್ತರಕ್ಕೆ ಎದ್ದು, ಹಿಡಿಕೆ ಹಿಂದಕ್ಕೆ ತಿರುಗದಂತೆ ಕೀಲು ಬಿದ್ದು, ಬಂಡೆ ತೂಗುತ್ತ ನಿಂತಿತು. ಸುತ್ತಿದ ತಂತಿ ಕಿರ್‍ರೆಂದಿತು. ಕೆಳಗೆ ದಿಮ್ಮಿ ನೂಕಬೇಕಾಗಿದ್ದ ಹೆಂಗಸರು ನಾಲ್ಕು ಮಾರು ದೂರ ಗುಂಪಾಗಿ ನಿಂತರು. ಯಾರೂ ಮುಂದೆ ಹೋಗಲಿಲ್ಲ. ಈರಪ್ಪ ಅವರ ತಾಯಿ ತಂಗಿಯರನ್ನೆಲ್ಲ ತೆಗೆದು ಬೈದ. ಆಗಲೂ ಹೋಗಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಜೀಪು ಬಂತು. ಮಡಿಯುಟ್ಟು ಬಂದಿದ್ದರು. ಕೈಯಲ್ಲಿ ತಾಮ್ರದ ಬಟ್ಟಲು, ಅದರಲ್ಲಿ ಗೋಮೂತ್ರ. ಮಾದರವಳ ಮೈಗೆ ತಾಗಿದ ಹರಳು ಅದರಲ್ಲಿ ಮುಳುಗಿ ಎದ್ದ ಮೇಲೆ ಅವರ ಬೆರಳಿಗೆ ಬರಬೇಕಿತ್ತು.

“ಬಾಳವ್ವಾ” ಎಂದರು. ಅವಳಿಗೆ ಅವ್ವ ಸೇರಿಸಿ ಅವರು ಕರೆದದ್ದು ಅದೇ ಮೊದಲು. “ನೀ ಪುಣ್ಯವಂತಿ. ಹರಳು ನಿನ್ನ ಕಾಯ್ತು. ಇದರಾಗ ಹಾಕು. ಆಮ್ಯಾಲೆ ಕಾಗದಕ್ಕ ಹೆಬ್ಬಟ್ಟ ಒತ್ತಿ ಕೆಲಸಾ ಶುರು ಮಾಡ್ರಿ.”

ಬಾಳಮ್ಮ ತೋಳಿನ ಗಂಟು ಬಿಚ್ಚಿದಳು. ಹರಳು ಅಂಗೈಗೆ ಬಂತು. ಎಂಟು ದಿನ ಅವಳ ಬೆವರು ಕುಡಿದೂ ಅದರ ನೀಲಿ ಮಾಸಿರಲಿಲ್ಲ.

“ಈ ಸರಪಳಿ ಗಟ್ಟಿ ಐತೇನ್ರಿ?”

“ಗಟ್ಟಿ ಐತಿ. ಕಬ್ಬಿಣ ಅದು.”

“ಮೊನ್ನೇನೂ ಗಟ್ಟಿ ಇತ್ತೇನ್ರಿ?”

“ಇತ್ತು. ತಪ್ಪು ಸಕ್ರವ್ವಂದು. ಮುಹೂರ್ತ ಮೀರತೈತಿ, ಹಾಕು ಇದರಾಗ!”

ಬಾಳಮ್ಮ ಬಟ್ಟಲಿನ ಕಡೆ ಹೋಗಲಿಲ್ಲ. ಬಂಡೆಯ ಕಡೆ ನಡೆದಳು. ಯಮನಪ್ಪ “ಏ!” ಎಂದು ಕೂಗಿದ. ಅವಳು ನೇರ ಬಂಡೆಯ ಅಡಿಗೆ ನುಸುಳಿದಳು. ನೆತ್ತಿಯ ಮೇಲೆ ಹತ್ತು ಟನ್ ತೂಗುತ್ತಿತ್ತು. ಹೆದರಿಕೆಯಾಗಿರಲಿಲ್ಲ ಎಂದರೆ ಸುಳ್ಳು. ಮೊನ್ನೆ ಸಕ್ರವ್ವ ಬಗ್ಗಿದ್ದ ಜಾಗ ಇನ್ನೂ ಕರ್‍ರಗಿತ್ತು. ಅಲ್ಲಿ ನೀಲಿ ಬಟ್ಟೆ ಹಾಸಿ, ಹರಳನ್ನು ಅದರ ನಟ್ಟನಡುವೆ ಇಟ್ಟಳು. ಹಿಂದಕ್ಕೆ ಸರಿದು ಹೊರಗೆ ಬಂದು ನಿಂತಳು.

“ಅಲ್ಲೈತಿ. ತಗೋರಿ.”

ಸಾಹುಕಾರರ ಮುಖ ಕೆಂಪಗಾಯಿತು. “ಲೇ ಈರಪ್ಪಾ, ತಗೊಂಬಾ!”

ಈರಪ್ಪ ನಾಲ್ಕು ಹೆಜ್ಜೆ ಹೋದ. ಬಗ್ಗಿದ. ಬಗ್ಗಿದವನು ಕತ್ತೆತ್ತಿ ತಂತಿ ನೋಡಿದ. ಹಾಗೇ ಹಿಂದಕ್ಕೆ ಬಂದ. “ನನಗ ಸೊಂಟಾ ಹಿಡದೈತ್ರಿ” ಎಂದ.

“ಮತ್ತ್ಯಾರರ ಹೋಗ್ರಿ!” ಯಾರೂ ಹೋಗಲಿಲ್ಲ. ಒಂದು ಉದ್ದನೆಯ ಕೋಲು ಕೇಳಿದರು. ಕೋಲುಗಳು ಕಾಲಬುಡದಲ್ಲೇ ಬಿದ್ದಿದ್ದವು. ಯಾರೂ ಬಗ್ಗಲಿಲ್ಲ. ಸಾಹುಕಾರರು ತಾವೇ ಬಂಡೆಯ ಅಂಚಿನವರೆಗೆ ಹೋದರು. ಒಂದು ಕಾಲು ಒಳಗಿಟ್ಟರು. ಒಳಗೆ ಹರಳು ನೀಲಿಯಾಗಿ ಕರೆಯುತ್ತಿತ್ತು. ತಂತಿ ಮತ್ತೊಮ್ಮೆ ಕಿರ್‍ರೆಂದಿತು. ಕಾಲು ಹೊರಗೆ ಬಂತು.

“ಹೆದರಬ್ಯಾಡ್ರಿ” ಎಂದಳು ಬಾಳಮ್ಮ. “ಬಗ್ಗೂದು ಕಷ್ಟ ಆದ್ರ ಇನ್ನೂ ಮ್ಯಾಲೆ ಎತ್ತತಾರ. ಸರಪಳಿ ಗಟ್ಟಿ ಐತೆಲ್ಲ.” ಗಂಡನ ಕಡೆ ತಿರುಗಿದಳು. “ಎತ್ತು ನೀ. ಸಾಹುಕಾರ್ರು ನಿಂತು ಹೋಗೂವಷ್ಟು ಎತ್ತು.”

ಯಮನಪ್ಪ ಹೆಂಡತಿಯ ಮುಖ ನೋಡಿದ. ಅಮಾತೆಪ್ಪನ ಮುಖ ನೋಡಿದ. ಇಬ್ಬರೂ ಹಿಡಿಕೆಗೆ ಕೈ ಹಾಕಿದರು. ಉಳಿದಿಬ್ಬರೂ ಬಂದು ಸೇರಿದರು. ಕೀಲು ತೆಗೆದರು. ಒಂದು ಸುತ್ತು ತಿರುವಿದರು. ಬೋಲ್ಟಿನ ಮೇಲಿನ ತಂತಿಯ ಒಂದು ಎಳೆ ಪಟ್ಟೆಂದು ಹರಿದು ಗಾಳಿಯಲ್ಲಿ ನಿಮಿರಿತು. ಬಂಡೆ ಒಮ್ಮೆ ಜೋಲಿ ಹೊಡೆಯಿತು.

ಕಾಶಪ್ಪ ಸಾಹುಕಾರರ ಕೈಯಿಂದ ತಾಮ್ರದ ಬಟ್ಟಲು ಬಿತ್ತು. ಎರಡೂ ಕೈ ಮೇಲೆತ್ತಿ ಗಣಿಯ ಗೋಡೆಗಳು ಮರುದನಿ ಕೊಡುವಷ್ಟು ಜೋರಾಗಿ ಅವರು ಚೀರಿದರು.

“ತಡೀರಿ! ಎತ್ತಬ್ಯಾಡ್ರಿ! ನನ್ನ ಹರಳು! ಆ ಸರಪಳಿ ತಾಳೂದಿಲ್ರೋ, ಅದು ಸೀಳೈತಿ!”

ಹಿಡಿಕೆ ನಿಂತಿತು. ಕೀಲು ಬಿತ್ತು. ನಾಲ್ವರೂ ಹಿಡಿಕೆ ಬಿಟ್ಟು ದೂರ ಸರಿದರು. ಹೆಂಗಸರ ಗುಂಪು ನಿಂತಲ್ಲೇ ಇತ್ತು. ಲಾರಿಯ ಕ್ಲೀನರು, ಡ್ರೈವರು, ಸಿಡಿಮದ್ದಿಗೆ ಕುಳಿ ಕೊರೆಯುವವರು, ಎಲ್ಲರೂ ಸಾಹುಕಾರರನ್ನೇ ನೋಡುತ್ತಿದ್ದರು. ಅವರು ಬಾಯಿ ಮುಚ್ಚಿಕೊಂಡರು. ತಡವಾಗಿತ್ತು.

ಬಾಳಮ್ಮ ಈರಪ್ಪನ ಕೈಯಲ್ಲಿದ್ದ ಕಾಗದ ಕಿತ್ತುಕೊಂಡು ಮಡಚಿ ಕುಪ್ಪಸದೊಳಗೆ ಸೇರಿಸಿದಳು. ಆಮೇಲೆ ಅಮಾತೆಪ್ಪನ ರಟ್ಟೆ ಹಿಡಿದು ಕರೆತಂದು ಸಾಹುಕಾರರ ಎದುರಿಗೆ ನಿಲ್ಲಿಸಿದಳು.

“ಇಂವ ಸಕ್ರವ್ವನ ಗಂಡ್ರಿ. ಇವನ ಮಾರಿ ನೋಡಿ ಈಗ ಅಂದದ್ದ ಇನ್ನೊಮ್ಮಿ ಅನ್ರಿ.”